ಅಳುವ ಹಾಡಿಗೆ ಶಂಕರಾಭರಣ

ಹಾಸನದ ನನ್ನ ಸಂಗೀತ ತರಗತಿಗೆ ಬರುವ ಪಿಯುಸಿ ಹುಡುಗಿಯೊಬ್ಬಳು ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ಬ್ರಿಟಿಷ್ ಗಾಯಕಿ ಅಡೆಲ್ ಅವರ ‘ಸಮ್‌ವನ್ ಲೈಕ್ ಯು’ ಕಲಿತು ಬಂದಿದ್ದಳು. ಮೊದಲ ಸಾಲಿಗೇ ಕಣ್ಣು ಮುಚ್ಚಿ, ದನಿ ನಡುಗಿಸಿ, ಅಳುತ್ತಲೇ ಹಾಡಿದಳು. ಪಲ್ಲವಿ ಬರುವಷ್ಟರಲ್ಲಿ ಉಸಿರೂ ಮುಗಿದಿತ್ತು, ದುಃಖವೂ ಮುಗಿದಿತ್ತು. “ಎಲ್ಲಿ ತಪ್ಪಿತು ಮೇಡಂ?” ಎಂದಳು. “ಅಳುವುದಕ್ಕೆ ಅವಸರಪಟ್ಟೆ ಮಗು” ಎಂದೆ.

ಹಾಡಿನ ಕತೆ ಸಣ್ಣದು. ಬಿಟ್ಟುಹೋದವನಿಗೆ ಮದುವೆಯಾಗಿದೆ ಎಂದು ಕೇಳಿದವಳು ಕರೆಯದೆಯೇ ಹೋಗಿ ಅವನ ಮುಂದೆ ನಿಂತಿದ್ದಾಳೆ. ನಿಮಗಿಬ್ಬರಿಗೂ ಒಳ್ಳೆಯದಾಗಲಿ ಎನ್ನುತ್ತಾಳೆ. ಬೆನ್ನಿಗೇ ನನ್ನನ್ನು ಮರೆಯಬೇಡ ಎಂದು ಬೇಡುತ್ತಾಳೆ. ನಿನ್ನಂಥವನೇ ಇನ್ನೊಬ್ಬ ನನಗೆ ಸಿಗುತ್ತಾನೆ ಎಂಬುದು ಧೈರ್ಯದ ಮಾತಿನಂತೆ ಕೇಳಿಸುತ್ತದೆ. ಆದರೆ ‘ನಿನ್ನಂಥವನೇ’ ಎಂಬ ಆ ಒಂದು ಪದದಲ್ಲಿ ಗುಟ್ಟು ಹೊರಬೀಳುತ್ತದೆ. ನಮ್ಮ ಮದುವೆಮನೆಗಳ ಹೆಣ್ಣೊಪ್ಪಿಸುವ ಹಾಡಿನಲ್ಲೂ ಹಾರೈಕೆ, ಸಂಕಟ ಎರಡೂ ಒಂದೇ ಸಾಲಿನಲ್ಲಿ ಇರುತ್ತವೆಯಲ್ಲವೇ? ಅದನ್ನು ಕೇಳಿ ಬೆಳೆದ ಕಿವಿಗೆ ಈ ಇಂಗ್ಲಿಷ್ ಹಾಡು ದೂರದ್ದೆನಿಸುವುದಿಲ್ಲ.

ಸ್ವರದ ಕಡೆಯಿಂದ ನೋಡಿದರೆ ನನಗೆ ಇನ್ನೂ ಸೋಜಿಗ. ಶೋಕವೆಂದರೆ ನಾವು ಶುಭಪಂತುವರಾಳಿ ರಾಗವನ್ನೋ ಮುಖಾರಿಯನ್ನೋ ನೆನೆಯುತ್ತೇವೆ. ಇದಿರುವುದು ಎ ಮೇಜರ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿ. ಸ್ವರಸ್ಥಾನಗಳ ಲೆಕ್ಕಕ್ಕೆ ಅದು ನಮ್ಮ ಶಂಕರಾಭರಣ, ಶೋಕಕ್ಕೆಂದು ನಾವು ಮೊದಲು ನೆನೆಯದ ರಾಗ. ವಾದ್ಯವೆಂದರೆ ಪಿಯಾನೊ ಒಂದೇ. ಚರಣ ಕೆಳಗಿನ ಸ್ವರಗಳಲ್ಲಿ, ಮಾತನಾಡಿದಷ್ಟೇ ಮೆಲ್ಲಗೆ ಸಾಗುತ್ತದೆ. ಪಲ್ಲವಿಯಲ್ಲಿ ದನಿ ಒಮ್ಮೆಲೇ ಮೇಲೇರುತ್ತದೆ. ಅಳು ನುಂಗಿಕೊಂಡು ಮಾತನಾಡುವವರ ದನಿ ಒಡೆಯುವುದೂ ಹೀಗೆಯೇ. ಅಲ್ಲಲ್ಲಿ ದನಿ ಸೇರಬೇಕಾದ ಸ್ವರಕ್ಕೆ ನೇರವಾಗಿ ಬರದೆ, ಪಕ್ಕದ ಸ್ವರದ ಮೇಲೆ ಅರೆಗಳಿಗೆ ಕಾಲೂರಿ ಆಮೇಲೆ ಇಳಿಯುತ್ತದೆ. ಪಾಶ್ಚಾತ್ಯರು ಇದಕ್ಕೆ ಅಪೊಜ್ಯಟೂರಾ ಎನ್ನುತ್ತಾರೆ. ಆ ಅರೆಗಳಿಗೆಯಲ್ಲಿ ದನಿಗೂ ಪಿಯಾನೊಗೂ ಸಣ್ಣ ತಿಕ್ಕಾಟ. ಕೂಡಿಕೊಂಡ ಕೂಡಲೇ ಎದೆ ಹಗುರ. ಅನುಸ್ವರ, ಅಂದರೆ ಮುಖ್ಯ ಸ್ವರಕ್ಕೆ ತಾಗಿ ಬರುವ ಸಣ್ಣ ಸ್ವರ, ಹಿಡಿದು ಅಭ್ಯಾಸವಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಅಮೆರಿಕದ ಗೀತರಚನಕಾರ ಡಾನ್ ವಿಲ್ಸನ್ ಜೊತೆ ಸೇರಿ ಅಡೆಲ್ ರಚಿಸಿದ ಈ ಹಾಡು 2011ರ ಜನವರಿಯಲ್ಲಿ ‘21’ ಆಲ್ಬಮ್‌ನ ಕೊನೆಯ ಹಾಡಾಗಿ ಬಂತು. ಫೆಬ್ರವರಿಯಲ್ಲಿ ಲಂಡನ್ನಿನ ಬ್ರಿಟ್ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಅಡೆಲ್ ಪಿಯಾನೊವೊಂದನ್ನೇ ನೆಚ್ಚಿ ನಿಂತು ಹಾಡಿದರು. ಮುಗಿಸುವಾಗ ಕಣ್ಣು ತುಂಬಿತ್ತು. ಅದರ ಬೆನ್ನಿಗೇ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ, ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲೂ ಮೊದಲ ಸ್ಥಾನ, 2012ರಲ್ಲಿ ಗ್ರ್ಯಾಮಿ ಪ್ರಶಸ್ತಿ. ಅಬ್ಬರದ ಕುಣಿತದ ಹಾಡುಗಳ ನಡುವೆ ಬರಿಯ ದನಿಯೊಂದು ಗೆದ್ದದ್ದು, ಆ ದನಿ ಅಷ್ಟು ಹೊತ್ತು ಅಳುವನ್ನು ತಡೆದುಕೊಂಡದ್ದರಿಂದ ಎಂದೇ ನಾನು ನಂಬಿದ್ದೇನೆ.

ಹುಡುಗಿಯ ಮುಂದೆ ಹಾರ್ಮೋನಿಯಂ ಮುಚ್ಚಿ, ಶ್ರುತಿಪೆಟ್ಟಿಗೆಯೊಂದನ್ನೇ ಇಟ್ಟೆ. ಚರಣವನ್ನು ಪಕ್ಕದಲ್ಲಿ ಕೂತವರಿಗೆ ಹೇಳಿದಂತೆ ಹೇಳು, ಪಲ್ಲವಿಗೆ ಮುಂಚೆ ಹೊಟ್ಟೆಯಿಂದ ಉಸಿರು ತೆಗೆದುಕೋ ಎಂದೆ. ಮೂರನೆಯ ಸಲಕ್ಕೆ ಚರಣ ಹದಕ್ಕೆ ಬಂತು. ಮೇಲಿನ ಸ್ವರ ಮಾತ್ರ ಇನ್ನೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದೆ. ಶ್ರುತಿಯನ್ನು ಒಂದು ಮನೆ ಇಳಿಸಿದ್ದೇವೆ. ವಾರ್ಷಿಕೋತ್ಸವಕ್ಕೆ ಇನ್ನೂ ಹತ್ತು ದಿನವಿದೆ.