ತುಪ್ಪ ಹರಳಾದರೆ ಚೆಂದ, ಪಾಲಿಶ್ ಹರಳಾದರೆ ಅಲ್ಲ

ಮರದ ಸಾಮಾನಿಗೆ ಮನೆಯಲ್ಲೇ ಜೇನುಮೇಣ, ಟರ್ಪೆಂಟ್ ಬೆರೆಸಿ ಪಾಲಿಶ್ ಮಾಡಿಕೊಳ್ಳುವವರಿಂದ ವಾರಕ್ಕೊಂದಾದರೂ ಇಂಥ ಫೋನ್ ಬರುತ್ತದೆ. ‘ಸಾರ್, ನೀವು ಹೇಳಿದ ಅಳತೇಲೇ ಹಾಕ್ದೆ. ಬಿಸಿ ಇದ್ದಾಗ ತಿಳಿಯಾಗಿ ಎಷ್ಟು ಚೆನ್ನಾಗಿತ್ತು. ಬೆಳಗ್ಗೆ ನೋಡಿದ್ರೆ ರವೆ ರವೆ. ಅಂಗಡಿಯವನು ಕಲಬೆರಕೆ ಟರ್ಪೆಂಟ್ ಕೊಟ್ಟಿದ್ದಾನೆ.’ ನಾನು ಬಾಯಿ ತೆಗೆಯುವ ಮೊದಲೇ ಅವರು ಇನ್ನೊಂದು ಲೋಟ ಟರ್ಪೆಂಟ್ ಸುರಿದಾಗಿರುತ್ತದೆ. ಹಳೆಯ ಬೀಟೆ, ತೇಗದ ಸಾಮಾನು ರಿಪೇರಿ ಮಾಡುವ ನನಗೆ ಈಚೆಗೆ ಟರ್ಪೆಂಟ್ ಮಾರುವವರ ಮೇಲೆ ಕನಿಕರ ಹುಟ್ಟಿದೆ.

ತೊಡಕಿರುವುದು ‘ಕರಗು’ ಎಂಬ ನಮ್ಮ ಮಾತಿನಲ್ಲಿ. ಬಾಣಲೆಯಲ್ಲಿ ಬೆಣ್ಣೆಯೂ ಕರಗುತ್ತದೆ, ಕಾಫಿಯಲ್ಲಿ ಸಕ್ಕರೆಯೂ ಕರಗುತ್ತದೆ. ಕಾಫಿ ಆರಿದರೂ ಸಕ್ಕರೆ ವಾಪಸ್ ಬರುವುದಿಲ್ಲ, ಅದಕ್ಕೇ ಮೇಣವೂ ಹಾಗೇ ಅಂದುಕೊಳ್ಳುತ್ತೇವೆ. ಜೇನುಮೇಣ 62ರಿಂದ 64 ಡಿಗ್ರಿಯ ಆಸುಪಾಸು ಕರಗಿ, ಬಿಸಿ ಟರ್ಪೆಂಟ್‌ನಲ್ಲಿ ಸಕ್ಕರೆಯಂತೆ ಬೆರೆತುಹೋಗುತ್ತದೆ, ನಿಜ. ಆದರೆ ಆರುತ್ತಿದ್ದಂತೆ ಅದರ ಬಹುಪಾಲು ಹೊರಗೆ ಬರುತ್ತದೆ. ಬರಲೇಬೇಕು. ಇಲ್ಲದಿದ್ದರೆ ಡಬ್ಬಿಯಲ್ಲಿ ಪೇಸ್ಟ್ ಎಲ್ಲಿಂದ ಬಂತು? ಮೇಣದ ಸಣ್ಣ ಸಣ್ಣ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು, ಆ ಬಲೆಯ ಸಂದಿಗಳಲ್ಲಿ ಟರ್ಪೆಂಟನ್ನು ಹಿಡಿದಿಟ್ಟುಕೊಂಡರೆ ಅದೇ ಪಾಲಿಶ್. ಹರಳು ಸಣ್ಣದಾದಷ್ಟೂ ಹಿಡಿತ ಬಿಗಿ. ದಪ್ಪಗಾದರೆ ಬೆರಳಿಗೆ ರವೆ ಸಿಗುತ್ತದೆ, ಮೇಲೆ ಟರ್ಪೆಂಟ್ ಬೆವರುತ್ತದೆ. ಆದ್ದರಿಂದ ಬಿಸಿಯಲ್ಲಿ ಎಷ್ಟು ತಿಳಿಯಾಗಿತ್ತು ಅನ್ನುವ ವರ್ಣನೆ ನನಗೆ ಬೇಡ. ಆರುವಾಗ ಏನು ಮಾಡಿದಿರಿ, ಅದನ್ನು ಹೇಳಿ.

ಏನೂ ಮಾಡಿರುವುದಿಲ್ಲ. ಮುಚ್ಚಳ ಮುಚ್ಚಿ ಮಲಗಿರುತ್ತಾರೆ.

ನನ್ನ ಅತ್ತೆ ತುಪ್ಪ ಕಾಯಿಸಿ ಇಳಿಸಿದ ಮೇಲೆ ಆ ಪಾತ್ರೆಯನ್ನು ಯಾರೂ ಅಲುಗಾಡಿಸಕೂಡದು. ಒಲೆಯ ಮಗ್ಗುಲಲ್ಲಿ ಬೆಚ್ಚಗೆ ಬಿಟ್ಟಿರುತ್ತಿದ್ದರು. ಬೆಳಗ್ಗೆ ಮುಚ್ಚಳ ತೆಗೆದರೆ ಮರಳು ಮರಳು ತುಪ್ಪ, ಹೋಳಿಗೆಗೆ ಅದಕ್ಕಿಂತ ಇನ್ನೇನು ಬೇಕು. ನಿಧಾನವಾಗಿ, ಅಲುಗದೆ ಆರಿದ್ದರಿಂದ ಹರಳಿಗೆ ದಪ್ಪಗೆ ಬೆಳೆಯಲು ಪುರುಸೊತ್ತು ಸಿಕ್ಕಿತು. ಪಾಲಿಶ್‌ಗೆ ಅತ್ತೆಯ ವಿಧಾನದ ತದ್ವಿರುದ್ಧ ಮಾಡಬೇಕು.

ನನ್ನ ಲೆಕ್ಕ 100 ಗ್ರಾಂ ಜೇನುಮೇಣಕ್ಕೆ ಸುಮಾರು 250 ಎಂಎಲ್ ಟರ್ಪೆಂಟ್. ಮೇಣವನ್ನು ಹೆರೆದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಆಮೇಲೆ ಒಲೆ ಆರಿಸಿ. ಇದನ್ನು ಎರಡು ಸಲ ಓದಿ. ಟರ್ಪೆಂಟ್ 35ರಿಂದ 40 ಡಿಗ್ರಿಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ. ಪಾತ್ರೆಯನ್ನು ಅಂಗಳಕ್ಕೆ ಒಯ್ದು, ಸುತ್ತ ಬೆಂಕಿ ಬೀಡಿ ಇಲ್ಲವೆಂದು ನೋಡಿಕೊಂಡು, ಸ್ವಲ್ಪ ಸ್ವಲ್ಪವೇ ಸುರಿಯುತ್ತ ಕಲಕಿ. ತಣ್ಣಗಿನ ಟರ್ಪೆಂಟನ್ನು ಒಮ್ಮೆಲೇ ಹೊಯ್ದರೆ ಮೇಣ ಅಲ್ಲಲ್ಲೇ ಗಂಟುಕಟ್ಟುತ್ತದೆ. ಕಲಕುವುದನ್ನು ಬಿಡಬೇಡಿ. ತಿಳಿ ಹೋಗಿ ಮಬ್ಬಾಗುತ್ತದೆ, ಮಬ್ಬು ಗಂಜಿಯಾಗುತ್ತದೆ. ಕಡ್ಡಿ ಎಳೆದ ಗೆರೆ ಒಂದು ಕ್ಷಣ ನಿಂತು ಮಾಯವಾಗುವ ಹೊತ್ತಿಗೆ ಡಬ್ಬಿಗೆ ಹೊಯ್ದು ಕೈ ಬಿಟ್ಟುಬಿಡಿ. ಅಲ್ಲಿಂದಾಚೆ ಕಲಕಿದರೆ ಕಟ್ಟಿಕೊಳ್ಳುತ್ತಿರುವ ಬಲೆಯೇ ಹರಿಯುತ್ತದೆ. ಯಾವಾಗ ನಿಲ್ಲಿಸಬೇಕು ಅನ್ನುವುದು ಮಾತ್ರ ನಾಲ್ಕಾರು ಸಲ ಕೆಟ್ಟ ಮೇಲೆ ಕೈಗೆ ಗೊತ್ತಾಗುತ್ತದೆ.

ಟರ್ಪೆಂಟ್ ಸಿಗಲಿಲ್ಲವೆಂದು ಥಿನ್ನರ್ ಹಾಕುವವರಿದ್ದಾರೆ. ಅದು ಹಳೆಯ ಸ್ಪಿರಿಟ್ ಪಾಲಿಶ್‌ನ ಅರಗನ್ನೇ ಎಬ್ಬಿಸಿಬಿಡಬಹುದು. ಮೇಣದ ವಿಷಯದಲ್ಲೂ ಹುಷಾರು. ಜೇನುಮೇಣವೆಂದು ಕೊಟ್ಟದ್ದರಲ್ಲಿ ಮೇಣದಬತ್ತಿಯ ಪ್ಯಾರಾಫಿನ್ ಬೆರೆತಿದ್ದರೆ ಹರಳು ಅಗಲಗಲವಾಗಿ ಬಿದ್ದು ಟರ್ಪೆಂಟ್ ಬೇಗ ಬೆವರುತ್ತದೆ. ಪೆಟ್ರೋಲಿಯಂನಿಂದಲೇ ಬರುವ ಮೈಕ್ರೋಕ್ರಿಸ್ಟಲೈನ್ ಮೇಣದ ಸ್ವಭಾವ ಬೇರೆ. ಹೆಸರೇ ಹೇಳುವಂತೆ ಅದರ ಹರಳು ಬಹಳ ಸಣ್ಣದು, ದ್ರಾವಕವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಜೇನುಮೇಣದಲ್ಲಿ ಆಮ್ಲದ ಅಂಶವಿದೆ. ಅದಕ್ಕೇ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನವರು ತಮ್ಮ ವಸ್ತುಗಳಿಗೆಂದು ರೂಪಿಸಿದ ರಿನೈಸಾನ್ಸ್ ವ್ಯಾಕ್ಸ್ ಎಂಬ ಪಾಲಿಶ್‌ಗೆ ಜೇನುಮೇಣವನ್ನು ಬಿಟ್ಟು ಈ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಆರಿಸಿಕೊಂಡರು. ಮನೆಯ ಮಂಚಕ್ಕೆ ಅಷ್ಟೆಲ್ಲ ಬೇಡ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಕೆಟ್ಟದ್ದುಂಟು. ಕಲಬುರಗಿಯ ನಿವೃತ್ತ ಮೇಷ್ಟ್ರೊಬ್ಬರು ತೊಟ್ಟಿಲಿಗೆಂದು ಪಾಲಿಶ್ ಮಾಡಿಕೊಂಡಿದ್ದರು. ಮೇ ತಿಂಗಳಲ್ಲಿ ಫೋನ್ ಮಾಡಿ, ‘ಮೊದಲನೇ ದಿನ ಬೆಣ್ಣಿ ಹಂಗಿತ್ತ್ರಿ ಸರ, ಈಗ ರವಾ ಆಗ್ಯಾದ’ ಅಂದರು. ಡಬ್ಬಿ ಎಲ್ಲಿಟ್ಟಿದ್ದಿರಿ ಅಂದೆ. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ. ಅಲ್ಲಿ ಮಧ್ಯಾಹ್ನದ ಕಾವಿಗೆ ಸಣ್ಣ ಹರಳುಗಳು ಮತ್ತೆ ಟರ್ಪೆಂಟಿಗೆ ಇಳಿದುಹೋಗುತ್ತವೆ. ರಾತ್ರಿ ತಂಪಾದಾಗ ಉಳಿದ ದಪ್ಪ ಹರಳುಗಳ ಮೇಲೇ ಬಂದು ಕೂರುತ್ತವೆ. ದಿನಾ ಹೀಗೇ ನಡೆದು ದಪ್ಪದ್ದು ಇನ್ನೂ ದಪ್ಪಗಾಗುತ್ತದೆ. ಪಾಲಿಶ್ ಹಾಳಾಗಿಲ್ಲ, ಹೊಸ ಟರ್ಪೆಂಟೂ ಬೇಡ, ಬಿಸಿನೀರಿನಲ್ಲಿಟ್ಟು ತಿಳಿ ಮಾಡಿ ಮತ್ತೆ ಕಲಕಿ ಆರಿಸಿ, ತಂಪಾದ ಕಡೆ ಇಡಿ ಅಂದೆ.

ಹದಿನೈದು ದಿನದ ಮೇಲೆ ಮತ್ತೆ ಫೋನ್. ಪಾಲಿಶ್ ಬೆಣ್ಣೆಯಾಗಿತ್ತಂತೆ. ತಂಪು ಜಾಗವೆಂದು ಡಬ್ಬಿಯನ್ನು ಕುಡಿಯುವ ನೀರಿನ ಗಡಿಗೆಯ ಹಿಂದೆ ಇಟ್ಟಿದ್ದರು. ‘ನೀರಿಗೆ ಟರ್ಪೆಂಟ್ ವಾಸನಿ ಬರಲಾಕತ್ತದ ಅಂತ ಮನ್ಯಾಗ ಜಗಳ್ರಿ.’