ರಿಯರ್‌ಸೆಟ್ ಆರಿಸುವ ಮುನ್ನ: ಪೆಗ್‌ಗಿಂತ ಲಿವರ್ ಕಡೆ ಜಾಸ್ತಿ ನೋಡಿ

ಸೀಟು, ಹ್ಯಾಂಡಲ್, ಕಾಲಿಡುವ ಫುಟ್‌ಪೆಗ್. ಬೈಕ್ ನಮ್ಮ ಮೈಭಾರ ಹೊರುವುದು ಈ ಮೂರು ಕಡೆ. ಮೂರನ್ನೂ ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನ ಆಗುತ್ತದೆ. ರಿಯರ್‌ಸೆಟ್ ಹಾಕುವುದು ಅಂದರೆ ಆ ತ್ರಿಕೋನದ ಕೆಳಗಿನ ಮೂಲೆಯನ್ನು ಹಿಂದಕ್ಕೂ ಮೇಲಕ್ಕೂ ಸರಿಸುವುದು. ಪೆಗ್ ಒಂದೇ ಸರಿದರೆ ಸಾಲದು. ಗೇರ್ ಲಿವರ್, ಬ್ರೇಕ್ ಪೆಡಲ್, ಅವನ್ನು ಹಿಡಿದಿರುವ ಪ್ಲೇಟು, ಗೇರ್ ರಾಡ್, ಹಿಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗ), ಇಷ್ಟೂ ಜೊತೆಗೆ ಸರಿಯಬೇಕು.

ನಾನು ಮೊದಲ ಸಲ ಕೊಂಡಾಗ ಪೆಗ್ ಎಷ್ಟು ಮೇಲೆ ಬರುತ್ತದೆ, ಬೈಕಿನ ಬಣ್ಣಕ್ಕೆ ಹೊಂದುತ್ತದಾ ಎಂದಷ್ಟೇ ನೋಡಿದ್ದೆ. ಹಾಕಿದ ಮೇಲೆ ಮೂರರಿಂದ ನಾಲ್ಕನೇ ಗೇರಿಗೆ ಹೋಗುವಾಗ ಆಗಾಗ ಫಾಲ್ಸ್ ನ್ಯೂಟ್ರಲ್ ಸಿಗತೊಡಗಿತು, ಅಂದರೆ ಗೇರ್ ಬೀಳದೆ ಎರಡರ ನಡುವೆ ನಿಂತುಬಿಡುತ್ತಿತ್ತು. ವಾರದೊಳಗೆ ಬೈಕನ್ನು ತಳ್ಳಿದರೆ ಹಿಂದಿನ ಚಕ್ರ ಬಿಗಿ ಅನ್ನಿಸಿತು. ಎರಡೂ ತೊಂದರೆ ಇದ್ದದ್ದು ಪೆಗ್‌ನಲ್ಲಿ ಅಲ್ಲ. ಒಂದು ಗೇರ್ ರಾಡ್‌ನ ಕೋನದಲ್ಲಿತ್ತು, ಇನ್ನೊಂದು ಬ್ರೇಕ್ ಪುಶ್‌ರಾಡ್‌ನಲ್ಲಿ, ಅಂದರೆ ಪೆಡಲ್ಲಿನಿಂದ ಮಾಸ್ಟರ್ ಸಿಲಿಂಡರನ್ನು ಒತ್ತುವ ಕಡ್ಡಿಯಲ್ಲಿತ್ತು. ಆಮೇಲೆ ಕೂತು ಕಲಿತದ್ದನ್ನು, ಈಗ ಕಲಿಯುತ್ತಿರುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಯಾಕೆ ಬೇಕು?

ಈ ಅಭ್ಯಾಸ ಹಳೆಯದು. 1950 ಮತ್ತು 60ರ ದಶಕಗಳಲ್ಲಿ ಬ್ರಿಟನ್ನಿನ ಕೆಫೆ ರೇಸರ್ ಹುಡುಗರು (ಬೈಕನ್ನು ರೇಸ್ ಬೈಕಿನಂತೆ ಮಾರ್ಪಡಿಸಿ ರಸ್ತೆಯಲ್ಲಿ ಓಡಿಸುತ್ತಿದ್ದವರು) ಕ್ಲಿಪ್-ಆನ್ ಎಂಬ ತಗ್ಗಿನ ಹ್ಯಾಂಡಲ್ ಹಾಕಿ ಮುಂದಕ್ಕೆ ಬಾಗಿ ಕೂರುತ್ತಿದ್ದರು. ಹಾಗೆ ಬಾಗಿದಾಗ ಕಾಲು ಮುಂದೆ ಇದ್ದರೆ ಇಡೀ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಕಾಲನ್ನು ಹಿಂದಕ್ಕೆ ತಂದರೆ ಸೊಂಟದ ಕೆಳಗೇ ಆಧಾರ ಸಿಗುತ್ತದೆ. ಅಂದರೆ ಹ್ಯಾಂಡಲ್ ಮತ್ತು ಪೆಗ್ ಎರಡೂ ಒಂದಕ್ಕೊಂದು ಕಟ್ಟಿದ ವಿಷಯ. ಅಗಲವಾದ ಎತ್ತರದ ಹ್ಯಾಂಡಲ್ ಹಾಗೇ ಬಿಟ್ಟು ಪೆಗ್ ಮಾತ್ರ ತೀರಾ ಹಿಂದಕ್ಕೆ ತಂದರೆ ನೆಟ್ಟಗೂ ಕೂರಲಾಗದು, ಬಾಗಲೂ ಆಗದು.

ಎರಡನೆಯ ಕಾರಣ ತಿರುವಿನಲ್ಲಿ ಪೆಗ್ ನೆಲಕ್ಕೆ ಉಜ್ಜುವುದು. ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಪೆಗ್‌ನ ತುದಿ ನೆಲದಿಂದ 300 ಮಿ.ಮೀ. ಎತ್ತರದಲ್ಲಿ, ಬೈಕಿನ ನಡುಗೆರೆಯಿಂದ 350 ಮಿ.ಮೀ. ಹೊರಗೆ ಇದೆ ಅಂದುಕೊಳ್ಳಿ. ಎತ್ತರವನ್ನು ಅಗಲದಿಂದ ಭಾಗಿಸಿ ಕೋನ ತೆಗೆದರೆ (ಕ್ಯಾಲ್ಕುಲೇಟರಿನ tan⁻¹) ಸುಮಾರು 40.6 ಡಿಗ್ರಿ. ಬೈಕ್ ಅಷ್ಟು ವಾಲಿದಾಗ ಪೆಗ್ ನೆಲಕ್ಕೆ ತಾಗುತ್ತದೆ. ಪೆಗ್ಗನ್ನು 25 ಮಿ.ಮೀ. ಎತ್ತಿದರೆ 42.9 ಆಗುತ್ತದೆ. ಜೊತೆಗೆ ತುದಿ 20 ಮಿ.ಮೀ. ಒಳಗೆ ಬಂದರೆ 44.6. ನೋಡಿದಿರಾ, ಪೆಗ್ಗನ್ನು ಗಿಡ್ಡ ಮಾಡಿದರೂ ಎತ್ತರಿಸಿದಷ್ಟೇ ಲಾಭ ಹತ್ತಿರ ಹತ್ತಿರ ಸಿಗುತ್ತದೆ, ಮೊಣಕಾಲಿಗೆ ನೋವೂ ಇಲ್ಲ. ಟೈರಿನ ಅಗಲ, ಸಸ್ಪೆನ್ಷನ್ ಕುಸಿಯುವುದು ಇವೆಲ್ಲ ಸೇರಿದರೆ ನಿಜವಾದ ಸಂಖ್ಯೆ ಬೇರೆ ಬರುತ್ತದೆ. ಆದರೆ ಎರಡು ಪೆಗ್‌ಗಳನ್ನು ಹೋಲಿಸಲು ಈ ಲೆಕ್ಕ ಸಾಕು.

ಇಲ್ಲೊಂದು ಎಚ್ಚರಿಕೆ. ಮಡಚುವ ಪೆಗ್ ನೆಲಕ್ಕೆ ತಾಗಿದರೆ ಮೇಲಕ್ಕೆ ಮಡಚಿಕೊಂಡು 'ಇನ್ನು ಸಾಕು' ಎಂದು ನಮಗೆ ಮೊದಲೇ ಹೇಳುತ್ತದೆ. ಪೆಗ್ ಎತ್ತರಿಸಿದರೆ ಆ ಎಚ್ಚರಿಕೆ ಹೋಗುತ್ತದೆ. ಮುಂದೆ ನೆಲಕ್ಕೆ ತಾಗುವುದು ಸೈಡ್ ಸ್ಟ್ಯಾಂಡು, ಸೈಲೆನ್ಸರ್ ಅಥವಾ ಎಂಜಿನ್ ಕವರ್. ಅವು ಮಡಚುವುದಿಲ್ಲ. ಚಕ್ರವನ್ನೇ ನೆಲದಿಂದ ಎತ್ತಿಬಿಡಬಹುದು. ಪೆಗ್ ಆದಮೇಲೆ ಯಾವ ಭಾಗ ತಾಗುತ್ತದೆ ಎಂಬುದನ್ನು ಬೈಕಿನ ಪಕ್ಕ ಕೂತು ನೋಡದೆ ಪೆಗ್ ಎತ್ತರಿಸಬೇಡಿ.

ಕೊಳ್ಳುವ ಮುಂಚೆ ಮೊಣಕಾಲನ್ನು ಕೇಳಿ

ಬೈಕನ್ನು ಪ್ಯಾಡಕ್ ಸ್ಟ್ಯಾಂಡಿನ (ಹಿಂದಿನ ಚಕ್ರ ಎತ್ತಿ ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡು) ಮೇಲೆ ನಿಲ್ಲಿಸಿ. ಒಬ್ಬರು ಹಿಡಿದುಕೊಳ್ಳಲಿ. ಹೊಸ ಪೆಗ್ ಎಲ್ಲಿ ಬರುತ್ತದೋ ಅಷ್ಟೇ ಎತ್ತರಕ್ಕೆ ಎರಡೂ ಪಕ್ಕ ಮರದ ತುಂಡುಗಳನ್ನು ಪೇರಿಸಿ, ಅಲುಗಾಡದಂತೆ. ನೀವು ಓಡಿಸುವಾಗ ಹಾಕುವ ಬೂಟು ಹಾಕಿಕೊಂಡು, ಆ ತುಂಡುಗಳ ಮೇಲೆ ಕಾಲಿಟ್ಟು 20 ನಿಮಿಷ ಕೂರಿ. ಐದು ನಿಮಿಷ ಸಾಲದು, ಯಾಕೆಂದರೆ ಮೊಣಕಾಲಿನ ಹಿಂಭಾಗ ಮತ್ತು ತೊಡೆಸಂದು ದೂರು ಹೇಳುವುದು ತಡವಾಗಿ. ಈ ಪರೀಕ್ಷೆಯಿಂದಲೇ ನನ್ನ ಗೆಳೆಯರಲ್ಲಿ ಒಬ್ಬರು ರಿಯರ್‌ಸೆಟ್ ಬಿಟ್ಟು ಪೆಗ್ಗನ್ನು ಕೆಳಗಿಳಿಸುವ ಬ್ರ್ಯಾಕೆಟ್ ತೆಗೆದುಕೊಂಡರು. ಅವರದು ಉದ್ದನೆಯ ಕಾಲು, ದಿನವಿಡೀ ಓಡಿಸುವ ರೂಢಿ. ಸರಿಯಾದ ತೀರ್ಮಾನ ಅದು.

ಇನ್ನೂ ಒಂದು ಮಾತು: ಪೆಗ್ 25 ಮಿ.ಮೀ. ಎತ್ತರವಾದರೆ, ಸೀಟಿನ ಫೋಮನ್ನು ಅಷ್ಟೇ ದಪ್ಪ ಮಾಡಿ ಮೊಣಕಾಲಿನ ಜಾಗವನ್ನು ಹೆಚ್ಚುಕಮ್ಮಿ ವಾಪಸ್ ಪಡೆಯಬಹುದು. ನೆಲಕ್ಕೆ ಕಾಲು ಎಟಕುವವರಿಗೆ ಮಾತ್ರ ಇದು.

ಹೊಂದಿಸಬಹುದಾದ ರಿಯರ್‌ಸೆಟ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಪ್ಲೇಟಿನ ಮೇಲೆ ಹಲವು ತೂತುಗಳು. ಇನ್ನೊಂದರಲ್ಲಿ ನಡುವಿನಿಂದ ಸರಿದ ತೂತಿರುವ ಗುಂಡು ಬಿಲ್ಲೆ, ತಿರುಗಿಸಿದಂತೆ ಪೆಗ್ಗಿನ ಜಾಗ ಬದಲಾಗುತ್ತದೆ. ಎಷ್ಟು ಸ್ಥಾನ ಇದೆ ಎಂಬುದಕ್ಕಿಂತ ಕಂಪನಿಯ ಪೆಗ್ಗಿಗೆ ಅತಿ ಹತ್ತಿರದ ಸ್ಥಾನ ಯಾವುದು ಎಂದು ಕೇಳಿ. ಕೆಲವು ಸೆಟ್‌ಗಳಲ್ಲಿ ಅತಿ ಕೆಳಗಿನ ಸ್ಥಾನವೇ ನಮಗೆ ಜಾಸ್ತಿ ಆಗಿರುತ್ತದೆ.

ಗೇರ್ ಲಿವರ್: ನಿಜವಾದ ಪಾಠ ಇಲ್ಲಿದೆ

ಎಂಜಿನ್ನಿಂದ ಹೊರಗೆ ಬಂದ ಗೇರ್ ಶಾಫ್ಟಿಗೆ ಒಂದು ಚಿಕ್ಕ ತೋಳು. ಕಾಲಿನ ಹತ್ತಿರ ಲಿವರ್. ಎರಡರ ನಡುವೆ ರಾಡ್. ನೋಡಲು ಇಷ್ಟೇ. ಆದರೆ ಗೇರ್ ಬೀಳುವ ಅನುಭವ ಪೂರ್ತಿ ಈ ಮೂರರ ಅಳತೆಯಲ್ಲಿದೆ.

ಒಂದು ಗೇರ್ ಬದಲಾಗಲು ರಾಡ್ 8 ಮಿ.ಮೀ. ಸರಿಯಬೇಕು ಅಂದುಕೊಳ್ಳೋಣ. ಲಿವರಿನ ಕೀಲಿನಿಂದ ಕಾಲ್ಬೆರಳು ತಾಗುವ ಜಾಗಕ್ಕೆ 110 ಮಿ.ಮೀ., ಕೀಲಿನಿಂದ ರಾಡ್ ಸೇರುವ ತೂತಿಗೆ 30 ಮಿ.ಮೀ. ಆಗ ಕಾಲ್ಬೆರಳು ಸುಮಾರು 29 ಮಿ.ಮೀ. ಚಲಿಸಬೇಕು. ರಾಡನ್ನು 40 ಮಿ.ಮೀ. ದೂರದ ತೂತಿಗೆ ಹಾಕಿದರೆ 22 ಮಿ.ಮೀ. ಸಾಕು. ಗೇರ್ ಬೇಗ ಬೀಳುತ್ತದೆ, ಆದರೆ ಕಾಲಿಗೆ ಬಲ ಜಾಸ್ತಿ ಬೇಕು. ರೇಸಿಗೆ ಎಂದು ಮಾಡಿದ ಸೆಟ್‌ಗಳಲ್ಲಿ ಚಲನೆ ಕಮ್ಮಿ ಇರುವುದುಂಟು. ದಿನಾ ಟ್ರಾಫಿಕ್ಕಿನಲ್ಲಿ ಓಡಿಸುವವರಿಗೆ ಅದು ಸುಸ್ತು. ಲಿವರಿನಲ್ಲಿ ಎರಡು ಮೂರು ತೂತು ಕೊಟ್ಟಿರುವ ಸೆಟ್ ಸಿಕ್ಕರೆ ಅದನ್ನೇ ಆರಿಸಿ.

ಇನ್ನು ಕೋನ. ಲಿವರ್ ಸುಮ್ನೆ ನಿಂತಿರುವಾಗ, ರಾಡ್ ಎರಡೂ ತುದಿಯಲ್ಲಿ 90 ಡಿಗ್ರಿಗೆ ಹತ್ತಿರ ಇರಬೇಕು. ಶಾಫ್ಟಿನ ತೋಳಿನ ಜೊತೆಗೂ, ಲಿವರಿನ ಜೊತೆಗೂ. 60 ಡಿಗ್ರಿ ಆದರೆ ಎಳೆಯುವ ಬಲದಲ್ಲಿ ಸುಮಾರು 87 ಪಾಲು ಮಾತ್ರ ತೋಳನ್ನು ತಿರುಗಿಸುತ್ತದೆ, 45 ಆದರೆ 71 ಪಾಲು, ನೂರಕ್ಕೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಒಂದು ಕಡೆಗೆ ತಿರುಗಿದಾಗ ಕೋನ 90ಕ್ಕೆ ಹತ್ತಿರ ಬರುತ್ತದೆ, ಇನ್ನೊಂದು ಕಡೆಗೆ ಇನ್ನೂ ದೂರ ಹೋಗುತ್ತದೆ. ಹಾಗಾಗಿ ಗೇರ್ ಇಳಿಸುವುದು ಬೆಣ್ಣೆಯಂತೆ, ಏರಿಸುವುದು ಒರಟು. ನನಗೆ ಸಿಗುತ್ತಿದ್ದ ಫಾಲ್ಸ್ ನ್ಯೂಟ್ರಲ್ ಇದರಿಂದಲೇ. ಶಾಫ್ಟಿನ ಮೇಲೆ ಹಲ್ಲುಗಳಿರುತ್ತವೆ. ತೋಳನ್ನು ಬಿಚ್ಚಿ ಒಂದು ಹಲ್ಲು ತಿರುಗಿಸಿ ಕೂರಿಸಿ, ರಾಡಿನ ಉದ್ದ ಸರಿಮಾಡಿದೆ. ತೊಂದರೆ ಹೋಯಿತು.

ರಾಡಿನ ಒಂದು ತುದಿಗೆ ಸಾಮಾನ್ಯ ಮರೆ (ಥ್ರೆಡ್), ಇನ್ನೊಂದು ತುದಿಗೆ ಉಲ್ಟಾ ಮರೆ ಇರುತ್ತದೆ. ಬಿಚ್ಚದೆಯೇ ರಾಡನ್ನು ತಿರುಗಿಸಿ ಉದ್ದ ಬದಲಿಸಬಹುದು. ರಾಡ್ ತಾನಾಗಿ ತಿರುಗದಂತೆ ಹಿಡಿಯುವ ಲಾಕ್‌ನಟ್ ಸಡಿಲಿಸುವಾಗ ಯಾವುದು ಯಾವ ಕಡೆಗೆ ಎಂದು ನೆನಪಿಡಿ. ಲಿವರಿನ ಎತ್ತರ ಹೊಂದಿಸಲು ರಾಡನ್ನು ತೀರಾ ಉದ್ದ ಮಾಡಿದರೆ ಮರೆ ಒಳಗೆ ಹಿಡಿದಿರುವುದು ಕಮ್ಮಿಯಾಗುತ್ತದೆ. ಅದು ಅಪಾಯ. ಅಂಥಲ್ಲಿ ಉದ್ದನೆಯ ರಾಡೇ ಬೇಕು.

ಉಲ್ಟಾ ಗೇರ್ ಬಗ್ಗೆ ಸ್ವಲ್ಪ. ರೇಸಿನವರು ಒಂದನೇ ಗೇರ್ ಮೇಲಕ್ಕೆ, ಉಳಿದವು ಕೆಳಕ್ಕೆ ಇಟ್ಟುಕೊಳ್ಳುತ್ತಾರೆ. ಎಡ ತಿರುವಿನಲ್ಲಿ ಬೈಕ್ ವಾಲಿರುವಾಗ ಲಿವರಿನ ಕೆಳಗೆ ಕಾಲ್ಬೆರಳು ತೂರಿಸಲು ಜಾಗ ಇರುವುದಿಲ್ಲ ಅಲ್ವಾ? ಮೇಲಿಂದ ಒತ್ತಿದರೆ ಗೇರ್ ಏರಬೇಕು. ಶಾಫ್ಟಿನ ತೋಳನ್ನು 180 ಡಿಗ್ರಿ ತಿರುಗಿಸಿ ಕೂರಿಸಿದರೆ ಹೀಗಾಗುತ್ತದೆ, ಅಡ್ಡ ಏನೂ ಬಾರದಿದ್ದರೆ. ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಬಿಡುವ ಸಾಧನ) ಇದ್ದವರು ಜಾಗ್ರತೆ: ಗೇರ್ ಏರಿಸುವಾಗ ರಾಡನ್ನು ಎಳೆಯುತ್ತಿದ್ದದ್ದು ಈಗ ತಳ್ಳುವುದಾಗುತ್ತದೆ. ಒಂದೇ ದಿಕ್ಕನ್ನು ಗುರುತಿಸುವ ಸೆನ್ಸರ್ ಆದರೆ ಅದು ಕೆಲಸ ಮಾಡುವುದಿಲ್ಲ. ಒಂದೇ ಮನೆಯಲ್ಲಿ ಎರಡು ಬೈಕ್ ಓಡಿಸುವವರಿಗೆ ನಾನು ಇದನ್ನು ಹೇಳುವುದೇ ಇಲ್ಲ. ಗಾಬರಿಯಲ್ಲಿ ಕಾಲು ಹಳೆಯ ಅಭ್ಯಾಸಕ್ಕೇ ಹೋಗುತ್ತದೆ.

ಬ್ರೇಕ್ ಕಡೆ: ಕೂದಲೆಳೆಯಷ್ಟು ಸಡಿಲ

ಇದನ್ನು ದಯವಿಟ್ಟು ಎರಡು ಸಲ ಓದಿ. ಮಾಸ್ಟರ್ ಸಿಲಿಂಡರಿನ ಒಳಗೆ ಆಯಿಲ್ ಡಬ್ಬಿಗೆ ಹೋಗುವ ಒಂದು ಸಣ್ಣ ರಂಧ್ರ ಇದೆ. ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದರೆ ಮಾತ್ರ ಆ ರಂಧ್ರ ತೆರೆದಿರುತ್ತದೆ. ಪುಶ್‌ರಾಡ್ ಸ್ವಲ್ಪ ಉದ್ದವಾಗಿ ಪಿಸ್ಟನ್ನನ್ನು ಒತ್ತಿಕೊಂಡೇ ಇದ್ದರೆ ರಂಧ್ರ ಮುಚ್ಚಿರುತ್ತದೆ. ಬ್ರೇಕ್ ಬಿಸಿಯಾದಾಗ ಆಯಿಲ್ ಹಿಗ್ಗುತ್ತದೆ. ಡಬ್ಬಿಗೆ ವಾಪಸ್ ಹೋಗಲು ದಾರಿ ಇಲ್ಲ. ಪ್ಯಾಡ್ ಡಿಸ್ಕಿಗೆ ಒತ್ತುತ್ತದೆ, ಇನ್ನೂ ಬಿಸಿ, ಇನ್ನೂ ಒತ್ತಡ. ಕೊನೆಗೆ ಹಿಂದಿನ ಚಕ್ರ ತಾನೇ ಲಾಕ್ ಆಗಬಹುದು. ನನ್ನ ಬೈಕ್ ತಳ್ಳಲು ಬಿಗಿಯಾದದ್ದು ಇದರ ಮೊದಲ ಹಂತ.

ಪೆಡಲ್ಲಿನ ಎತ್ತರ ಹೊಂದಿಸಲು ಪುಶ್‌ರಾಡನ್ನೇ ಉದ್ದ ಮಾಡುತ್ತಾ ಹೋದರೆ ಹೀಗಾಗುತ್ತದೆ. ಪೆಡಲ್ ವಿಶ್ರಾಂತಿಯಲ್ಲಿ ನಿಲ್ಲಲು ಬೇರೆ ಸ್ಟಾಪ್ ಸ್ಕ್ರೂ ಇರುವ ಸೆಟ್ ಒಳ್ಳೆಯದು. ಎತ್ತರವನ್ನು ಸ್ಟಾಪಿನಿಂದ ಹೊಂದಿಸಿ, ಆಮೇಲೆ ಪುಶ್‌ರಾಡಿನಲ್ಲಿ ಕೈಗೆ ತಿಳಿಯುವಷ್ಟು ಸಡಿಲ ಉಳಿಸಿ. ಚಕ್ರ ಎತ್ತಿ, ಪೆಡಲ್ ಒತ್ತಿ ಬಿಟ್ಟು, ಕೈಯಿಂದ ತಿರುಗಿಸಿ ನೋಡಿ. ತಣ್ಣಗಿದ್ದಾಗ ಒಮ್ಮೆ, ಓಡಿಸಿ ಬಂದ ಮೇಲೆ ಇನ್ನೊಮ್ಮೆ. ಎರಡು ಸಲವೂ ಒಂದೇ ರೀತಿ ತಿರುಗಬೇಕು. ಎರಡನೇ ಸಲ ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ.

ಪುಶ್‌ರಾಡ್ ಸಿಲಿಂಡರಿಗೆ ನೇರವಾಗಿ ಹೋಗಬೇಕು, ಓರೆಯಾದರೆ ಸೀಲ್ ಸವೆಯುತ್ತದೆ. ಸಿಲಿಂಡರ್ ಸರಿದದ್ದರಿಂದ ಬ್ರೇಕ್ ಪೈಪ್ ಬಿಗಿಯಾಗಿ ಎಳೆದುಕೊಂಡಿದೆಯಾ ನೋಡಿ. ಬೈಕ್ ಎತ್ತಿ ಹಿಂದಿನ ಚಕ್ರ ಪೂರ್ತಿ ಕೆಳಗೆ ಇಳಿಬಿದ್ದಾಗಲೂ ನೋಡಿ. ಬ್ರೇಕ್ ಪೈಪನ್ನು ಸಿಲಿಂಡರಿಗೆ ಜೋಡಿಸುವ ಬ್ಯಾಂಜೋ ಬೋಲ್ಟ್ ಬಿಚ್ಚಿದರೆ ತಾಮ್ರದ ವಾಷರ್ ಹೊಸದೇ ಹಾಕಿ.

ಬ್ರೇಕ್ ದೀಪವನ್ನು ಮರೆಯುವವರು ತುಂಬಾ ಜನ. ಕಂಪನಿಯ ಬೈಕಿನಲ್ಲಿ ಪೆಡಲ್ಲಿಗೆ ಸ್ಪ್ರಿಂಗ್ ಕಟ್ಟಿದ ಸ್ವಿಚ್ ಇರುವುದುಂಟು. ಕೆಲವು ರಿಯರ್‌ಸೆಟ್‌ಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಆಗ ಬ್ಯಾಂಜೋ ಬೋಲ್ಟಿನ ಜಾಗದಲ್ಲಿ ಕೂರುವ, ಆಯಿಲ್ ಒತ್ತಡದಿಂದ ಉರಿಸುವ ಸ್ವಿಚ್ ಬೇಕು. ಹಿಂದೆ ಬರುವವರಿಗೆ ನಾವು ನಿಧಾನ ಮಾಡುತ್ತಿದ್ದೇವೆ ಎಂದು ತಿಳಿಸುವುದು ಆ ದೀಪ ಒಂದೇ.

ಕಾಲಿನ ಬ್ರೇಕೇ ಎಲ್ಲರಿಗೂ ಹೊಂದಬೇಕೆಂದಿಲ್ಲ. 1992ರಲ್ಲಿ ನೆದರ್‌ಲ್ಯಾಂಡ್ಸ್‌ನ ಆಸೆನ್ ಟ್ರ್ಯಾಕಿನಲ್ಲಿ ಬಲಗಾಲಿಗೆ ತೀವ್ರ ಪೆಟ್ಟಾದ ಆಸ್ಟ್ರೇಲಿಯಾದ ರೇಸರ್ ಮಿಕ್ ಡೂಹನ್ ಆಮೇಲೆ ಎಡಗೈ ಹೆಬ್ಬೆರಳಿನಿಂದ ಹಿಂದಿನ ಬ್ರೇಕ್ ಹಿಡಿದರು. 1994ರಿಂದ 1998ರವರೆಗೆ ಸತತ ಐದು ಸಲ 500 ಸಿಸಿ ವಿಶ್ವ ಚಾಂಪಿಯನ್ ಆದರು. ನನಗೆ ಇದು ತುಂಬಾ ಧೈರ್ಯ ಕೊಡುವ ಸಂಗತಿ.

ಲೋಹ, ಪೆಗ್, ಉಳಿದದ್ದು

ಲೋಹದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 6061-ಟಿ6 ಅಲ್ಯುಮಿನಿಯಂ ಸಾಕಷ್ಟು ಗಟ್ಟಿ, ತುಕ್ಕು ತಡೆಯುತ್ತದೆ. 7075-ಟಿ6 ಇನ್ನೂ ಗಟ್ಟಿ, ಆದರೆ ತುಕ್ಕಿನ ವಿಷಯದಲ್ಲಿ ಹಿಂದೆ, ಆದ್ದರಿಂದ ಅದಕ್ಕೆ ಒಳ್ಳೆಯ ಆನೊಡೈಜಿಂಗ್ (ಮೇಲ್ಮೈಗೆ ಕೊಡುವ ರಕ್ಷಣೆಯ ಪದರ) ಬೇಕು. ಕೈಯಲ್ಲಿ ಸಿಕ್ಕಾಗ ಲಿವರಿನ ತುದಿ ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ಹೊಸದರಲ್ಲೇ ಆಟ ಇದ್ದರೆ ಬೇಡ. ಕೀಲಿನಲ್ಲಿ ಸೀಲ್ಡ್ ಬೇರಿಂಗ್ ಅಥವಾ ಬದಲಿಸಬಹುದಾದ ಕಂಚಿನ ಬುಷ್ ಇರಲಿ.

ಪೆಗ್ಗಿನ ಮೇಲಿನ ಹಲ್ಲು ಚೂಪಾದಷ್ಟೂ ಹಿಡಿತ ಜಾಸ್ತಿ, ಬೂಟಿನ ಅಟ್ಟೆ ಬೇಗ ಸವೆಯುತ್ತದೆ. ರಬ್ಬರ್ ಇಲ್ಲದ ಪೆಗ್ಗಿನಲ್ಲಿ ಸಿಂಗಲ್ ಸಿಲಿಂಡರ್ ಎಂಜಿನ್ನಿನ ನಡುಕ ನೇರ ಪಾದಕ್ಕೆ ಬರುತ್ತದೆ. ರಸ್ತೆಗೆ ಮಡಚುವ ಪೆಗ್ಗೇ ಸರಿ. ಮಡಚದ ಪೆಗ್ ರೇಸ್ ಟ್ರ್ಯಾಕಿಗೆ. ಅಲ್ಲೂ ಅದರ ತುದಿ ಗುಂಡಗಿರಬೇಕು, ಅಂತರರಾಷ್ಟ್ರೀಯ ಬೈಕ್ ರೇಸ್ ಒಕ್ಕೂಟವಾದ ಎಫ್‌ಐಎಂ ನಿಯಮದಲ್ಲಿ ಕನಿಷ್ಠ 8 ಮಿ.ಮೀ. ತ್ರಿಜ್ಯ. ಬಿದ್ದರೆ ಮೊದಲು ಮುರಿಯಬೇಕಾದ್ದು ಪೆಗ್, ಫ್ರೇಮಿನ ಮರೆ ಅಲ್ಲ. ಪೆಗ್ ಮತ್ತು ಲಿವರ್ ಬಿಡಿಬಿಡಿಯಾಗಿ ಸಿಗದ ಸೆಟ್ ನಾನು ಕೊಳ್ಳುವುದಿಲ್ಲ. ಒಂದು ಸಣ್ಣ ಬೀಳುವಿಕೆಗೆ ಇಡೀ ಸೆಟ್ ಕೊಳ್ಳಬೇಕಾಗುತ್ತದೆ.

ಆರ್ಡರ್ ಮಾಡುವ ಮೊದಲು ಬೈಕಿನ ಹತ್ತಿರ ಹೋಗಿ ಇಷ್ಟು ನೋಡಿ: ಸೈಲೆನ್ಸರ್ ನೇತಾಡುವುದು ಪೆಗ್ ಬ್ರ್ಯಾಕೆಟ್ಟಿನಿಂದಲಾ? ಹಿಂದೆ ಕೂರುವವರ ಪೆಗ್ ಉಳಿಯುತ್ತದಾ? ಕಿಕ್ಕರ್ ಇದ್ದರೆ ಅದು ಪೆಗ್ಗಿಗೆ ಬಡಿಯುತ್ತದಾ? ಹಿಮ್ಮಡಿ ಸ್ವಿಂಗ್‌ಆರ್ಮಿಗೋ (ಹಿಂದಿನ ಚಕ್ರ ಹಿಡಿದಿರುವ ತೋಳು) ಚೈನಿಗೋ ತಾಗದಂತೆ ಹೀಲ್ ಗಾರ್ಡ್ ಇದೆಯಾ?

ಬಿಗಿಸುವಾಗ ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಪಾನಾ) ಬಳಸಿ. ತಯಾರಕರು ಕೊಟ್ಟ ಸಂಖ್ಯೆಯೇ ಅಂತಿಮ. ಅಲ್ಯುಮಿನಿಯಂ ಮರೆ ಒಮ್ಮೆ ಕಿತ್ತು ಬಂದರೆ ಕೆಲಸ ದೊಡ್ಡದು. ಲಿವರ್ ಮತ್ತು ಬ್ರೇಕಿನ ಬೋಲ್ಟುಗಳಿಗೆ ಮಧ್ಯಮ ಬಲದ ಥ್ರೆಡ್‌ಲಾಕರ್ (ಮರೆ ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಿ. ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿನವರೆಗೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ಮೊದಲ 50 ಕಿ.ಮೀ. ಓಡಿಸಿ ಬಂದು ಗೆರೆ ನೋಡಿ. ಮುರಿದಿದ್ದರೆ ಆ ಬೋಲ್ಟ್ ಸಡಿಲಾಗಿದೆ ಎಂದರ್ಥ. ಗೇರ್ ರಾಡಿನ ಎರಡು ಲಾಕ್‌ನಟ್‌ಗಳಿಗೂ ಇದೇ ಗೆರೆ ಹಾಕಿ, ಮೊದಲು ಸಡಿಲಾಗುವುದು ಹೆಚ್ಚಾಗಿ ಅವೇ.