ಖಾಕಿ ಬಿಚ್ಚಿದ ಮೇಲೆ ರಾಯಭಾರಿ: ಇದು ಹೇಗೆ ನಡೆಯುತ್ತದೆ?

ಮಡಿಕೇರಿಯಲ್ಲಿ ನಾಲ್ಕು ಜನ ನಿವೃತ್ತ ಅಧಿಕಾರಿಗಳು ಕಾಫಿಗೆ ಕೂತರೆ, ಮಾತು ಮಳೆಯಿಂದ ಶುರುವಾದರೂ ಕೊನೆಗೆ ಯಾರಿಗೆ ಎಲ್ಲಿ ಪೋಸ್ಟಿಂಗ್ ಸಿಕ್ಕಿತು ಅನ್ನುವಲ್ಲಿಗೇ ಬರುತ್ತದೆ. ಅಲ್ಲಿ ಪದೇ ಪದೇ ಏಳುವ ಪ್ರಶ್ನೆ ಒಂದಿದೆ. ಜೀವನವಿಡೀ ಲಾಠಿ, ಬಂದೋಬಸ್ತ್ ಅಂತ ಇದ್ದ ಪೊಲೀಸ್ ಅಧಿಕಾರಿ ಏಕಾಏಕಿ ರಾಯಭಾರಿ ಆಗೋದು ಹೇಗೆ?

ನಿಯಮ ಸರಳ. ರಾಯಭಾರಿ ಆಗಲು ಐಎಫ್‌ಎಸ್, ಅಂದರೆ ವಿದೇಶಾಂಗ ಸೇವೆಯ, ಅಧಿಕಾರಿಯೇ ಆಗಿರಬೇಕೆಂದಿಲ್ಲ. ಸರ್ಕಾರ ಒಂದು ಹೆಸರು ಆರಿಸಿ ಆ ದೇಶವನ್ನು ಮೊದಲೇ ಸದ್ದಿಲ್ಲದೆ ಕೇಳುತ್ತದೆ. ಅವರು ಹೂಂ ಅಂದರೆ ಮುಗೀತು. ಬೇಡ ಅಂದರೆ ಕಾರಣವನ್ನೂ ಕೊಡಬೇಕಿಲ್ಲ.

ನಮ್ಮವರಿಗೆ ಇದು ಹೊಸದಲ್ಲ. ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ವರ್ಷವೇ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆದರು (ಕಾಮನ್‌ವೆಲ್ತ್ ದೇಶಗಳಲ್ಲಿ ರಾಯಭಾರಿಗೆ ಇದೇ ಹೆಸರು). ಆಮೇಲೆ ಜನರಲ್ ಥಾಪರ್ ಅಫ್ಘಾನಿಸ್ತಾನಕ್ಕೆ, ಜನರಲ್ ಚೌಧರಿ ಕೆನಡಾಕ್ಕೆ, ವಾಯುಪಡೆಯ ಅರ್ಜನ್ ಸಿಂಗ್ ಸ್ವಿಟ್ಜರ್‌ಲೆಂಡಿಗೆ. ಸೇನೆಯವರ ಸಾಲು ಹೀಗೆ ಉದ್ದ, ಪೊಲೀಸರದು ತೀರಾ ಗಿಡ್ಡ.

ಐಎಫ್‌ಎಸ್ ಒಳಗಿನವರ ಕಥೆ ಬೇರೆ. ವಿರಾಜಪೇಟೆಯ ಮುತ್ತಮ್ಮನವರು ಐಎಫ್‌ಎಸ್ ಸೇರಿದ ಮೊದಲ ಮಹಿಳೆ. ಮದುವೆ ಆಗಬೇಕಾದರೂ ಸರ್ಕಾರದ ಅನುಮತಿ ಬೇಕು ಅನ್ನುವ ನಿಯಮ, ಬಡ್ತಿಯಲ್ಲಿ ಹಿಂದೆ ತಳ್ಳಿದ್ದು, ಇವನ್ನೆಲ್ಲ ಹಿಡಿದು ಅವರು 1979ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಹೊರಗಿನಿಂದ ಬಂದವರಿಗೆ ಬಾಗಿಲು ತೆರೆದೇ ಇತ್ತು, ಅಲ್ವಾ?

ಇಷ್ಟಾದ ಮೇಲೆ ಬರುವುದು ಜೂಲಿಯೊ ರಿಬೇರೊ. 1953ರ ಐಪಿಎಸ್. 1982ರಲ್ಲಿ ಮುಂಬೈ ಕಮಿಷನರ್ ಆದರು, ಆಗಸ್ಟಿನಲ್ಲಿ ಅಲ್ಲಿನ ಪೊಲೀಸರೇ ಬಂಡಾಯ ಎದ್ದರು, ಅದನ್ನು ಅಡಗಿಸುವ ಹೊಣೆ ಇವರ ಮೇಲೆಯೇ ಬಿತ್ತು. 1985ರಲ್ಲಿ ಗಲಭೆ ಹೊತ್ತಿದ್ದ ಗುಜರಾತ್. 1986ರಲ್ಲಿ, ಪ್ರತ್ಯೇಕ ಸಿಖ್ ದೇಶ ಬೇಕೆನ್ನುವ ಖಾಲಿಸ್ತಾನಿ ಉಗ್ರರ ಹಾವಳಿಯಿದ್ದ ಪಂಜಾಬಿನ ಡಿಜಿಪಿ, ಅಂದರೆ ಪೊಲೀಸ್ ಮುಖ್ಯಸ್ಥ. ಎಲ್ಲಿ ಬೆಂಕಿ ಬಿದ್ದರೂ ಇವರನ್ನೇ ಕಳಿಸು ಅನ್ನುವ ಹಾಗಿತ್ತು. ಆ ವರ್ಷ ಅಕ್ಟೋಬರಿನಲ್ಲಿ ಜಲಂಧರ್‌ನ ಸಶಸ್ತ್ರ ಪೊಲೀಸ್ ಕೇಂದ್ರದೊಳಕ್ಕೇ ಪೊಲೀಸ್ ಸಮವಸ್ತ್ರ ತೊಟ್ಟು ನುಗ್ಗಿದವರು ಇವರ ಮೇಲೆ ಗುಂಡು ಹಾರಿಸಿದರು. ಬದುಕಿದರು, ಹೆಂಡತಿಗೂ ಗಾಯವಾಯಿತು. ಮರುವರ್ಷ ಪದ್ಮಭೂಷಣ ಬಂತು, 1989ರಲ್ಲಿ ರೊಮೇನಿಯಾದ ರಾಯಭಾರಿ ಹುದ್ದೆ.

ಇದನ್ನು ಬಹುಮಾನ ಅಂತ ಕರೆಯುವವರು ಇದ್ದಾರೆ. ನನಗೆ ಹಾಗನಿಸುವುದಿಲ್ಲ. ಅಷ್ಟು ದುಡಿಸಿಕೊಂಡ ಮನುಷ್ಯನನ್ನು ದೇಶದೊಳಗೆ ಎಲ್ಲಿ ಬದುಕಿಸಿಕೊಳ್ಳುವುದು ಅಂತ ತೋಚದಿದ್ದಾಗ ಸಿಗುವ ಉತ್ತರದ ಹಾಗಿದೆ ಇದು. ಅದಕ್ಕೆ ರಾಯಭಾರ ಕಚೇರಿ ಸರಿಯಾದ ಜಾಗವೇ? ಗೇಟು, ಕಾವಲು ಎಲ್ಲ ಇರುತ್ತದೆ ನಿಜ, ಆದರೆ ಅಲ್ಲಿ ಕೆಲಸ ಮಾಡುವ ಉಳಿದವರೂ ಇರುತ್ತಾರಲ್ಲ.

ಕೊನೆಗೆ ಆ ದೂರವೂ ಸಾಕಾಗಲಿಲ್ಲ. 1991ರ ಆಗಸ್ಟ್ 20ರಂದು ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲೇ ಖಾಲಿಸ್ತಾನಿ ಉಗ್ರರು ಗುಂಡು ಹಾರಿಸಿ ರಿಬೇರೊ ಅವರನ್ನು ಗಾಯಗೊಳಿಸಿದರು. ಅಕ್ಟೋಬರಿನಲ್ಲಿ ದೆಹಲಿಯಲ್ಲಿದ್ದ ರೊಮೇನಿಯಾದ ರಾಜತಾಂತ್ರಿಕರೊಬ್ಬರನ್ನು ಖಾಲಿಸ್ತಾನಿ ಉಗ್ರರು ಅಪಹರಿಸಿದರು. ಪಂಜಾಬಿಗೂ ಆ ರಾಜತಾಂತ್ರಿಕರಿಗೂ ಏನೂ ಸಂಬಂಧವಿರಲಿಲ್ಲ. ಅವರು ಬಿಡುಗಡೆಯಾಗಿ ಬರುವಾಗ ನವೆಂಬರ್ ಮುಗಿಯುತ್ತಾ ಬಂದಿತ್ತು. ರಿಬೇರೊ ಚೇತರಿಸಿಕೊಂಡರು, 1993ರವರೆಗೂ ರಾಯಭಾರಿಯಾಗಿದ್ದರು.